ಐರ್ಲೆಂಡಿನ ಸೆನೆಟರೂ ನಮ್ಮತ್ತೆಯ ರಸ್ತೆಯೂ

ಹೊಟ್ಟೆಪಾಡಿಗೆ ಯಾವುದೋ ದೇಶದ ಜಗಳ ಕೇಳುವವಳ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ನನ್ನ ಆಫೀಸ್ ಅಮೆರಿಕದ ಸೌತ್‌ಫೀಲ್ಡಿನಲ್ಲಿ, ಮನೆ ನೋವೈ ಆಚೆಗಿನ ಒಂದು ಸಣ್ಣ ಊರಿನಲ್ಲಿ, ಕೆಲಸ ಮಾತ್ರ ಐರ್ಲೆಂಡಿನದು. ಅಲ್ಲಿನ ಸಂಸತ್ತಿನ ಮೇಲ್ಮನೆಯ ಚರ್ಚೆಗಳ ವಿಡಿಯೊ ಕೆಳಗೆ ಕಂಪ್ಯೂಟರ್ ತಾನೇ ಮಾತುಗಳನ್ನು ಬರೆದುಕೊಂಡು ಹೋಗುತ್ತದೆ. ಅದು ಸರಿಯಾಗಿ ಬರೆದಿದೆಯೇ ಎಂದು ನೋಡುವವಳು ನಾನು. ನನ್ನ ಪಾಲಿಗೆ ಬಂದವರು ವಿರೋಧ ಪಕ್ಷದ ಒಬ್ಬ ಮಹಿಳಾ ಸೆನೆಟರ್. ಅವರು ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳಲೇಬೇಕು. ಹೆಚ್ಚಿನ ದಿನ ಮನೆಯಿಂದಲೇ ಕೆಲಸ ಮಾಡುವುದರಿಂದ ನಮ್ಮತ್ತೆಯ ಕಿವಿಗೂ ಬೀಳುತ್ತದೆ.

ಅತ್ತೆ ಧಾರವಾಡದ ಕಡೆಯವರು, ನಾನು ಮೈಸೂರಿನವಳು. ಅವರಿಗೆ ಇಂಗ್ಲಿಷ್ ಬಾರದು. ಜಗಳ ಮಾತ್ರ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.

ಬಸ್ಸಿನ ಸೂರು

ಸೆನೆಟರನ್ನು ಮೊದಲ ಸಲ ನೋಡಿದ ದಿನ ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಾ ನನ್ನ ಪಕ್ಕ ಕೂತಿದ್ದರು.

“ಯಾರ ಆಕಿ? ಯಾರ ಕೂಡ ಜಗಳಾಡಾಕತ್ತಾಳ?”

“ವಿರೋಧ ಪಕ್ಷದವರು ಅತ್ತೆ. ಸರ್ಕಾರದ ಜೊತೆ ಜಗಳ.”

“ಏನ ಬೇಕಂತ?”

“ಯಾವುದೋ ಊರಲ್ಲಿ ಬಸ್ ಸ್ಟಾಪಿಗೆ ಸೂರಿಲ್ವಂತೆ. ಜನ ಮಳೇಲಿ ನೆನೀತಾರಂತೆ.”

ಅತ್ತೆ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಪಕ್ಕಕ್ಕಿಟ್ಟರು. “ಅವರಿಗೆ ಬಸ್ ಐತಿ, ಸೂರಿಲ್ಲ. ನಮ್ಮೂರಾಗ ಸೂರ ಐತಿ, ಬಸ್ ಬರೂದಿಲ್ಲ.” ಆಮೇಲೆ ಕಿಟಕಿಯ ಕಡೆ ತಿರುಗಿ, “ನಿಮ್ಮ ಅಮೇರಿಕಾ ಚಲೋ ಬಿಡು, ಎರಡರ ಕಾಟಾನೂ ಇಲ್ಲ” ಎಂದರು.

ಐದು ಲೇನಿನ ಆಚೆ

ಅತ್ತೆ ಆ ಕಿಟಕಿಯ ಕಡೆ ಸುಮ್ಮನೆ ನೋಡುವವರಲ್ಲ. ನಮ್ಮ ಬಡಾವಣೆಯ ಮುಂದೆ ಐದು ಲೇನಿನ ರಸ್ತೆಯಿದೆ. ಅದರಾಚೆ ಗದಗದ ಆಂಟಿ ಇದ್ದಾರೆ. ಮುಸ್ಲಿಂ ಮನೆತನದವರು, ಅತ್ತೆಯದೇ ವಯಸ್ಸು, ಅತ್ತೆಯದೇ ಮಾತು. ಇಂಡಿಯನ್ ಸ್ಟೋರಿನಲ್ಲಿ ಜೋಳದ ಹಿಟ್ಟಿನ ಪ್ಯಾಕೆಟ್ ಮೂಸಿ ಇಬ್ಬರೂ ಒಟ್ಟಿಗೇ ಮುಖ ಸಿಂಡರಿಸಿದ್ದರಿಂದ ಸ್ನೇಹವಾಯಿತು. ಅತ್ತೆಗೆ ಇಲ್ಲಿ ಬಾಯ್ತುಂಬ ಮಾತಾಡಲು ಸಿಕ್ಕವರು ಅವರೊಬ್ಬರೇ.

ಆದರೆ ದಾಟುವುದು ಹೇಗೆ? ಮನೆಯ ಎದುರು ನಡೆದು ದಾಟಲು ಪಟ್ಟೆ ಬಳಿದ ಕ್ರಾಸ್‌ವಾಕ್ ಇಲ್ಲ. ಸಿಗ್ನಲ್ ಇರುವುದು ಒಂದು ಮೈಲಿ ಆಚೆ, ಅಲ್ಲಿಯವರೆಗೆ ನಡೆಯಲು ಫುಟ್‌ಪಾತೂ ಇಲ್ಲ. ಕಾರುಗಳು ಹೈವೇ ಸಿಕ್ಕಿತೆಂದು ನುಗ್ಗುತ್ತವೆ. ಇಬ್ಬರಿಗೂ ಡ್ರೈವಿಂಗ್ ಬಾರದು. ಕಣ್ಣಿಗೆ ಕಾಣುವ ಮನೆಗೆ ಚಹಾಕ್ಕೆ ಹೋಗಲು ಮಗನ ಕಾರು ಬಿಡುವಾಗಬೇಕು. ಮಿಕ್ಕ ದಿನ ಕಿಟಕಿಯಲ್ಲಿ ನಿಂತು ಕೈ ಬೀಸುವುದು. ನೋಡಿ ನನಗೆ ಕರುಳು ಚುರುಕ್ ಎನ್ನುತ್ತಿತ್ತು.

“ಫೋನಲ್ಲಿ ಮಾತಾಡಬಹುದಲ್ಲ ಅತ್ತೆ?” ಎಂದೆ.

“ಫೋನಿನ್ಯಾಗ ಹೆಂಗ ಮಾತಾಡೂದು? ಇಲ್ಲಿ ನೀ ಇರ್ತಿ, ಅಲ್ಲಿ ಆಕಿ ಸೊಸಿ ಇರ್ತಾಳ.”

ನನ್ನ ಕರುಳು ಅಷ್ಟಕ್ಕೇ ಸುಮ್ಮನಾಯಿತು.

ಬೇರೆ ಮಂತ್ರಿ

ಐರ್ಲೆಂಡಿನ ಮೇಲ್ಮನೆಯಲ್ಲಿ ಒಂದು ಪದ್ಧತಿಯಿದೆ. ಸೆನೆಟರ್ ರಸ್ತೆಯ ಬಗ್ಗೆ ಕೇಳಿದ ದಿನ ರಸ್ತೆಯ ಮಂತ್ರಿಗೆ ಬೇರೆ ಕೆಲಸವಿದ್ದರೆ, ಇನ್ಯಾವುದೋ ಇಲಾಖೆಯವರು ಬಂದು ಬರೆದುಕೊಟ್ಟ ಉತ್ತರ ಓದುತ್ತಾರೆ. ಕೊನೆಯಲ್ಲಿ “ನಿಮ್ಮ ಮಾತನ್ನು ಸಂಬಂಧಪಟ್ಟವರ ಗಮನಕ್ಕೆ ತರುತ್ತೇನೆ” ಎನ್ನುತ್ತಾರೆ. ಹಾಗೆ ಒಬ್ಬರು ಓದುತ್ತಿದ್ದಾಗ ಅತ್ತೆ ತಟ್ಟನೆ, “ಇಂವಗ ಏನೂ ಗೊತ್ತಿಲ್ಲ. ಯಾರೋ ಹೇಳಿ ಕಳಿಸ್ಯಾರ” ಎಂದರು.

“ನಿಮಗೆ ಹೇಗೆ ಗೊತ್ತಾಯ್ತು?”

“ನಾ ಮಾಡಿದ ಉಪ್ಪಿಟ್ಟ ಚಲೋ ಆಗೇತಿ ಅಂತ ನೀ ಹೇಳ್ತೀಯಲ್ಲ, ಹಂಗ ಹೇಳಾಕತ್ತಾನ.”

ನಾನು ಆ ಪದ್ಧತಿಯನ್ನು ಅವರಿಗೆ ಬಿಡಿಸಿ ಹೇಳಿದೆ. ಅದೇ ಸಂಜೆ ಅತ್ತೆ ಮಗನಿಗೆ, ಗದಗದ ಆಂಟಿಯ ಮನೆಗೆ ಬಿಟ್ಟು ಬಾ ಎಂದು ನನ್ನ ಕೈಲಿ ಹೇಳಿ ಕಳಿಸಿದರು. ನನ್ನ ಗಂಡ ಮೇಲಿನ ರೂಮಿನಲ್ಲಿ ಮೀಟಿಂಗಿನಲ್ಲಿದ್ದರು. “ಈ ವಾರ ತುಂಬಾ ಬಿಝಿ, ಶನಿವಾರ ನೋಡೋಣ ಅಂತ ಹೇಳಿಬಿಡು” ಎಂದರು. ನಾನು ಕೆಳಗಿಳಿದು ಬಂದು ಹಾಗೇ ಒಪ್ಪಿಸಿದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸಂಬಂಧಪಟ್ಟ ಮಂತ್ರಿ ಯಾಕ ಬರಲಿಲ್ಲ?”

ಮೊದಲು ಥ್ಯಾಂಕ್ಸ್

ಸೆನೆಟರಿಗೆ ಒಂದು ಅಭ್ಯಾಸವಿತ್ತು. ಬೈಯುವ ಮೊದಲು ಹೊಗಳುವುದು. ಮಂತ್ರಿಗಳು ಬಿಡುವು ಮಾಡಿಕೊಂಡು ಬಂದಿದ್ದಾರೆ, ಧನ್ಯವಾದ, ಅವರ ಕಾಳಜಿ ದೊಡ್ಡದು, ಆದರೆ... ಆ ‘ಆದರೆ’ ಬಂತೆಂದರೆ ಮಂತ್ರಿ ನೀರಿನ ಲೋಟಕ್ಕೆ ಕೈ ಹಾಕುತ್ತಿದ್ದರು. ಅತ್ತೆ ಇದೇನೆಂದು ಕೇಳಿದರು, ನಾನು ಬುದ್ಧಿಯಿಲ್ಲದೆ ವಿವರಿಸಿದೆ.

ಮಾರನೇ ದಿನ ಊಟಕ್ಕೆ ಕೂತಾಗ ಅತ್ತೆ ಗಂಟಲು ಸರಿಮಾಡಿಕೊಂಡರು. “ಇಷ್ಟ ಆಫೀಸ ಕೆಲಸದಾಗ ಸಾರ ಮಾಡೀದಿ. ಭಾಳ ಉಪಕಾರ ಆತವಾ. ಆದರ...”

ನಾನು ನೀರಿನ ಲೋಟಕ್ಕೆ ಕೈ ಹಾಕಿದೆ. ಗಂಡ ಉಪ್ಪಿನ ಡಬ್ಬಿಗೆ ಕೈ ಹಾಕಿದರು.

ನಗರಸಭೆಯಲ್ಲಿ

ಕೊನೆಗೆ ಅತ್ತೆಯೇ, “ಐರ್ಲೆಂಡಿನಾಕಿ ಕೇಳ್ತಾಳ, ನಾವ್ಯಾಕ ಕೇಳಬಾರದು?” ಎಂದು ಹಟ ಹಿಡಿದರು. ನಮ್ಮ ಊರಿನ ನಗರಸಭೆಯ ಮೀಟಿಂಗಿನಲ್ಲಿ ಯಾರು ಬೇಕಾದರೂ ಮೈಕಿನ ಮುಂದೆ ನಿಂತು ಮೂರು ನಿಮಿಷ ಮಾತಾಡಬಹುದು. ನನ್ನ ಗಂಡ ಅತ್ತೆಯನ್ನೂ ಗದಗದ ಆಂಟಿಯನ್ನೂ ಕಾರಿನಲ್ಲಿ ಕರೆತಂದರು. ಅನುವಾದ ನನ್ನ ತಲೆಗೆ ಬಿತ್ತು.

ಅತ್ತೆ ಮೇಯರಿಗೆ ಕೈ ಮುಗಿದು, ಊರು ಸ್ವಚ್ಛವಾಗಿದೆ, ಹಿಮ ಬೇಗ ತೆಗೆಸುತ್ತೀರಿ, ಉಪಕಾರವಾಯಿತು ಎಂದರು. “ಆದರ, ಎದುರಿನ ಮನಿಗೆ ಹೋಗಾಕ ದಾರಿ ಇಲ್ಲ. ಒಂದು ಕ್ರಾಸ್‌ವಾಕ್ ಹಾಕಿಸಿಕೊಡ್ರಿ.”

ಮೇಯರ್ ವಿನಯದಿಂದ, ಆ ರಸ್ತೆ ಊರಿನದಲ್ಲ, ಕೌಂಟಿಯದು ಎಂದರು. ಕೌಂಟಿ ಎಂದರೆ ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ. ಪಕ್ಕದಲ್ಲಿದ್ದ ಎಂಜಿನಿಯರ್, ತಮ್ಮ ಸಮೀಕ್ಷೆಯಲ್ಲಿ ಅಲ್ಲಿ ಯಾರೂ ನಡೆದು ದಾಟಿದ್ದು ಕಂಡಿಲ್ಲ ಎಂದರು.

“ಈಗ ಹೋಗಿ ದಾಟಿ ತೋರಸ್ಲೇನು?” ಎಂದರು ಅತ್ತೆ.

“ಸಮೀಕ್ಷೆಗೆ ಸಹಕರಿಸಲು ಇವರು ಸಿದ್ಧರಿದ್ದಾರೆ,” ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ.

ಅತ್ತೆಯ ಮೂರು ನಿಮಿಷ ಮುಗಿದು ಗದಗದ ಆಂಟಿಯ ಸರದಿ ಬಂತು. ಅವರು ಮೈಕಿನ ಹತ್ತಿರ ಬಂದರು, ಅಲ್ಲೇ ನಿಂತಿದ್ದ ಅತ್ತೆಯನ್ನು ನೋಡಿದರು. ಮನೆಯವರೆಲ್ಲ ಜೊತೆಗಿದ್ದ ಕಾರಿನಲ್ಲಿ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ಈಗ ಆಂಟಿಗೆ ತಡೆಯಲಾಗಲಿಲ್ಲ.

“ಅಕ್ಕಾ, ಮಣಕಾಲ ನೋವು ಹೆಂಗೈತಿ?”

“ಹಂಗ ಐತಿ ನೋಡವಾ. ನಿಂದು ಬಿಪಿ?”

ಸಭೆಯೆಲ್ಲ ನನ್ನ ಮುಖ ನೋಡಿತು. “ಹಿರಿಯರ ಆರೋಗ್ಯದ ಪ್ರಶ್ನೆ,” ಎಂದೆ.

“ನಿನ್ನ ಸೊಸಿ ಈಗರೆ ಉಪ್ಪ ಬರೋಬ್ಬರಿ ಹಾಕ್ತಾಳೇನ?” ಎಂದರು ಆಂಟಿ, ಮೈಕಿನಲ್ಲಿ.

“ಪಾದಚಾರಿಗಳ ಸುರಕ್ಷತೆ,” ಎಂದೆ.

ಮೇಯರ್ ದಡ್ಡರಲ್ಲ. “ನಿಜ ಹೇಳಮ್ಮ, ಇವರೇನು ಮಾತಾಡ್ತಿದ್ದಾರೆ?” ಎಂದು ಕೇಳಿದರು. ನಾನು ಸೋತು ನಿಜ ಹೇಳಿದೆ. ಇವರು ದಿನಾ ಕಿಟಕಿಯಲ್ಲಿ ಕೈ ಬೀಸುತ್ತಾರೆ, ಮಾತಾಡಲು ರಸ್ತೆ ಬಿಡುವುದಿಲ್ಲ, ಈಗ ಸಿಕ್ಕಿದ್ದಾರೆ ಎಂದೆ. ಸಾಲಿನಲ್ಲಿ ಮುಂದಿನ ಸರದಿಗೆ ಕಾದು ನಿಂತಿದ್ದ ಅಮೆರಿಕನ್ ಅಜ್ಜ, ತನ್ನ ಮೂರು ನಿಮಿಷವೂ ಇವರಿಗೇ ಇರಲಿ ಎಂದ.

“ಕ್ರಾಸ್‌ವಾಕ್ ಆಗುವವರೆಗೆ ಪ್ರತಿ ಮೀಟಿಂಗಿಗೂ ಬರುತ್ತಾರೇನು?” ಎಂದರು ಮೇಯರ್.

ನಾನು ಅತ್ತೆಯನ್ನು ಕೇಳಿದೆ. “ಬರತೇವಿ. ಕುರ್ಚಿ ಮೆತ್ತಗದಾವ, ಸೊಸಿಯಂದ್ರಿಗೆ ಬಾಯಿ ತೆಗಿಯಾಕ ಬರೂದಿಲ್ಲ,” ಎಂದರು. ಇದೊಂದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಅನುವಾದಿಸಿದೆ.

ಕ್ರಾಸ್‌ವಾಕಿನ ಅರ್ಧ ಖರ್ಚು ಊರೇ ಕೊಡುವುದು, ಕೌಂಟಿಯ ಒಪ್ಪಿಗೆ ತರಲು ಮೇಯರೇ ಹೋಗುವುದು ಎಂದು ನಿರ್ಣಯ ಅಲ್ಲೇ ಪಾಸಾಯಿತು. ನಗರಸಭೆಯ ಸದಸ್ಯರೆಲ್ಲ ಕೈ ಎತ್ತಿದರು. ಅಡ್ಡಮಾತು ಆಡಿದ್ದ ಎಂಜಿನಿಯರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಹಿಂದಿನ ಸಾಲು ಸೇರಿದ್ದ ಇಬ್ಬರ ಬಳಿಗೆ ನಾನು ಕಣ್ಣೀರು ಒರೆಸಿಕೊಂಡು ಓಡಿದೆ. “ಅತ್ತೆ, ಗೆದ್ದಿರಿ! ರಸ್ತೆ ದಾಟೋಕೆ ದಾರಿ ಆಗುತ್ತೆ!”

ಅತ್ತೆ ತಿರುಗಿ ಕೂಡ ನೋಡದೆ ಕೈ ಅಡ್ಡ ಹಿಡಿದರು. “ತಡಿಯ, ಆಕಿ ಸೊಸಿ ವಿಷಯ ಈಗ ಶುರು ಆಗೇತಿ.”