ಆರು ಭೇಟಿ, ಹತ್ತಕ್ಕೆ ಎರಡು

ನಮ್ಮ ಕೆಲಸಕ್ಕೆ ನಾವೇ ಅಂಕ ಹಾಕಿಕೊಳ್ಳಬೇಕೆಂದರೆ ಎಂಥವರ ಕೈಯೂ ಧಾರಾಳವಾಗಿಬಿಡುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನಾನು ಕೃಷ್ಣರಾಜಪೇಟೆಯ ಕಾಲೇಜೊಂದರಲ್ಲಿ ಸಮಾಜಕಾರ್ಯ ಕಲಿಸುವ ಮೇಷ್ಟ್ರು. ನನ್ನ ವಿದ್ಯಾರ್ಥಿಗಳು ಶಾಲೆ ತಪ್ಪಿಸುವ ಮಕ್ಕಳ ಮನೆಗೆ ಹೋಗಿ, ಕಾರಣ ತಿಳಿದು, ಮತ್ತೆ ಶಾಲೆಗೆ ಹಚ್ಚಬೇಕು. ವರ್ಷದ ಕೊನೆಗೆ ತಮ್ಮ ಕೆಲಸಕ್ಕೆ ಹತ್ತಕ್ಕೆ ಇಷ್ಟು ಎಂದು ತಾವೇ ಬರೆದುಕೊಡಬೇಕು. ಎಂಟಕ್ಕಿಂತ ಕೆಳಗಿಳಿದವರನ್ನು ನಾನು ಕಂಡೇ ಇರಲಿಲ್ಲ. ಒಬ್ಬ ಮಹಾಶಯನಂತೂ ಹನ್ನೊಂದು ಬರೆದಿದ್ದ. ಯಾಕಯ್ಯಾ ಎಂದರೆ, "ಬಸ್ಸಲ್ಲಿ ನಿಂತ್ಕಂಡೇ ಓಗಿದ್ದೆ ಸಾರ್" ಎಂದ.

ಈ ವರ್ಷ ಸವಿತಾ ಎರಡು ಬರೆದಳು. ಬಡಗಿಯ ಮಗಳು, ಅಳತೆಯಲ್ಲಿ ಬಲು ಬಿಗಿ. ನಾನು ಹಾಕುವ ಹತ್ತರ ಜೊತೆ ಈ ಅಂಕವೂ ಫಲಿತಾಂಶಕ್ಕೆ ಸೇರುವುದರಿಂದ ನನಗೆ ಗಾಬರಿಯಾಯಿತು. ತರಗತಿಯ ಜಾಣೆ ಫೇಲಾದರೆ ಏನು ಗತಿ? ಕರೆದು ಕೇಳಿದೆ.

"ಆರು ಸಲ ಓಗಿದ್ದೆ ಸಾರ್. ಆ ಮಗೂನ ಒಂದ್ಸಲಾನೂ ನೋಡೇ ಇಲ್ಲ."

ಸಂತೆಬಾಚಹಳ್ಳಿ ಕಡೆಯ ಹಳ್ಳಿ. ಮಗುವಿನ ಹೆಸರು ಭಾಗ್ಯ, ಏಳನೇ ಕ್ಲಾಸು. ಕಾಲೇಜು ಬಿಟ್ಟು ಬಸ್ಸು ಹತ್ತಿದ ಸವಿತಾ ಅಲ್ಲಿ ಇಳಿಯುವ ಹೊತ್ತಿಗೂ ಭಾಗ್ಯ ಡೇರಿಗೆ ಸಂಜೆಯ ಹಾಲು ಹಾಕಲು ಹೋಗುವ ಹೊತ್ತಿಗೂ ಸರಿಹೋಗುತ್ತಿತ್ತು. ತಾಯಿ ಕಾಫಿ ಕೊಟ್ಟು, ಹೊಟ್ಟೆನೋವಿಗೇ ಶಾಲೆ ತಪ್ಪುತ್ತದೆ ಎಂದು ಮಗಳ ಪರವಾಗಿ ಎಲ್ಲದಕ್ಕೂ ಉತ್ತರ ಹೇಳಿ ಕಳಿಸುತ್ತಿದ್ದರು. ನಾನು ವರದಿಗಳನ್ನು ತೆಗೆದು ನೋಡಿದೆ. ಆರಕ್ಕೂ "ಉತ್ತಮ" ಎಂದು ಬರೆದು ಸಹಿ ಹಾಕಿದ ಪುಣ್ಯಾತ್ಮ ನಾನೇ. ಒಂದರಲ್ಲಿ "ಮಗು ನಗುಮುಖದಿಂದ ಮಾತನಾಡುತ್ತದೆ" ಎಂದಿತ್ತು.

"ಇದೇನಮ್ಮಾ?"

"ಅದು ಅವ್ರವ್ವ ಏಳಿದ್ದು ಸಾರ್."

ಬೈಯಲು ನನಗೆ ಯಾವ ಮುಖವಿತ್ತು? ಅವಳು ನನ್ನ ಬೈಗುಳಕ್ಕೆ ಕಾಯಲೂ ಇಲ್ಲ. ಮರುದಿನ ಮೊದಲ ಬಸ್ಸಿಗೇ ಹೋಗಿ ಡೇರಿಯ ಸಾಲಿನಲ್ಲಿ ನಿಂತಳು. ಕ್ಯಾನು ಹಿಡಿದಿದ್ದ ಭಾಗ್ಯ ಅಲ್ಲಿ ಬಾಯಿಬಿಟ್ಟಿತು. ಸಾಲಿನಲ್ಲಿ ಕಾದು ಬೆಳಗಿನ ಹಾಲು ಹಾಕಿ, ಅಷ್ಟು ದೂರ ನಡೆದು ಶಾಲೆ ಸೇರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ತಡವಾದವರನ್ನು ಹೊರಗೆ ನಿಲ್ಲಿಸುತ್ತಾರೆ. ಆ ನಾಚಿಕೆಗೆ ಮಗು ಅರ್ಧ ದಾರಿಯಿಂದಲೇ ಮನೆಗೆ ತಿರುಗುತ್ತಿತ್ತು. ತಾಯಿ ಹೇಳಿದ ಹೊಟ್ಟೆನೋವು ಆ ಹೊಟ್ಟೆಯಲ್ಲಿ ಇರಲೇ ಇಲ್ಲ.

ಸವಿತಾ ಡೇರಿಯ ಕಾರ್ಯದರ್ಶಿಯ ಬೆನ್ನು ಬಿಡಲಿಲ್ಲ. ಶಾಲೆ ಮಕ್ಕಳ ಹಾಲನ್ನು ಮೊದಲು ಅಳೆಯಬೇಕೆಂದು ಒಪ್ಪಿಸಿದಳು. ಸಾಲಿನಲ್ಲಿದ್ದ ಯಜಮಾನರೊಬ್ಬರು "ನಮ್ ಆಲೇನು ಆಲಲ್ವೇನವ್ವ?" ಎಂದು ಗೊಣಗಿದರಂತೆ, ಆದರೂ ಪಕ್ಕಕ್ಕೆ ಸರಿದರಂತೆ. ಭಾಗ್ಯ ಈಗ ದಿನಾ ಪ್ರಾರ್ಥನೆಗೆ ನಿಲ್ಲುತ್ತದೆ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಕಾಲೇಜಿನ ಜವಾನನಿಂದ ಹಿಡಿದು ನನ್ನ ಹೆಂಡತಿಯವರೆಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಸವಿತಾ ಮಾತ್ರ ತನ್ನ ಎರಡನ್ನು ತಿದ್ದಲು ಒಪ್ಪಲಿಲ್ಲ. ನನ್ನ ಪಾಲಿನ ಹತ್ತಕ್ಕೆ ಹತ್ತನ್ನೂ ಕೊಟ್ಟೆ, ಪಾಸಾದಳು.

ಆ ಉತ್ಸಾಹದಲ್ಲಿ, "ನನ್ನ ಮೇಷ್ಟ್ರುಗಿರಿಗೆ ಎಷ್ಟು ಕೊಡ್ತೀಯಮ್ಮಾ?" ಎಂದು ಕೇಳಿಬಿಟ್ಟೆ.

"ನೀವೂ ಇನ್ನೂ ಮಗೂನ ನೋಡಿಲ್ವಲ್ಲ ಸಾರ್," ಎಂದಳು.

ಹೀಗಾಗಿ ಮಾರನೆಯ ಬೆಳಿಗ್ಗೆ ಮಫ್ಲರು ಸುತ್ತಿಕೊಂಡು ನಾನೂ ಡೇರಿಯ ಮುಂದೆ ನಿಂತೆ. ಭಾಗ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರ್ಯಾರಕ್ಕ?" ಎಂದು ಕೇಳಿತು.

"ನಮ್ ಮೇಷ್ಟ್ರು ಕಣವ್ವ," ಎಂದಳು ಸವಿತಾ, "ಈಗ ಕಲೀತಾವ್ರೆ."