ಇಲಾಖೆ ಮುಚ್ಚುವ ಮಸೂದೆಯೂ ನನ್ನ ಬಡ್ತಿಯೂ

ಸರ್ಕಾರಿ ನೌಕರನನ್ನು ಏನು ಬೇಕಾದರೂ ಕೇಳಿ, ಆಫೀಸಿನಲ್ಲಿ ನೀವು ಮಾಡುವುದೇನು ಎಂದು ಮಾತ್ರ ಕೇಳಬೇಡಿ. ತೊಂಬತ್ತರ ದಶಕದ ಆರಂಭದಲ್ಲಿ ಈ ಪ್ರಶ್ನೆ ನನ್ನ ಅಡುಗೆಮನೆಯಲ್ಲೇ ಎದ್ದಿತು. ಆಗ ನಾನು ಆಸ್ಟ್ರೇಲಿಯಾದ ಕೇಂದ್ರ ಶಿಕ್ಷಣ ಇಲಾಖೆಯ ಸಿಡ್ನಿ ಶಾಖೆಯಲ್ಲಿದ್ದೆ. ಸಂಸತ್ ಸದಸ್ಯನೊಬ್ಬ ಆ ಇಲಾಖೆಯನ್ನೇ ಮುಚ್ಚುವ ಮಸೂದೆ ತರಲು ಹೊರಟಿದ್ದಾನೆಂದು ಬೆಳಗಿನ ರೇಡಿಯೋ ಹೇಳಿತು. ಶಾಲೆಗಳನ್ನು ರಾಜ್ಯಗಳೇ ನಡೆಸುವಾಗ ಕೇಂದ್ರಕ್ಕೊಂದು ಇಲಾಖೆ ಯಾಕೆ ಎಂಬುದು ಅವನ ವಾದ. ದೋಸೆ ಹುಯ್ಯುತ್ತಿದ್ದ ನನ್ನ ಹೆಂಡತಿ ಶಾರದೆ, "ಸರಿಯಾಗೇ ಕೇಳಿದಾನಲ್ರೀ. ನೀವಲ್ಲಿ ಏನ್ ಮಾಡ್ತೀರಿ?" ಎಂದಳು.

"ಕೋ-ಆರ್ಡಿನೇಟ್ ಮಾಡ್ತೀನಿ."

"ಏನನ್ನ?"

"ಕೋ-ಆರ್ಡಿನೇಟ್ ಮಾಡೋರನ್ನ."

ಅವಳು ನನ್ನ ದೋಸೆಯನ್ನು ಮಗಳ ತಟ್ಟೆಗೆ ಹಾಕಿದಳು.

ಮಗಳು ಸುಮಾ ರೇಡಿಯೋದಲ್ಲಿ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಂಡಿದ್ದಳು. ಸ್ಕೂಲಿಗೆ ಹೋದವಳೇ, "ಎಜುಕೇಶನ್ ಈಸ್ ಕ್ಲೋಸಿಂಗ್. ಮೈ ಡ್ಯಾಡ್ ವರ್ಕ್ಸ್ ದೇರ್" ಎಂದು ಸಾರಿಬಿಟ್ಟಳು. ಮರುದಿನ ಅವಳ ಕ್ಲಾಸಿನ ಒಂದು ಮಗುವೂ ಹೋಮ್‌ವರ್ಕ್ ಮಾಡಿರಲಿಲ್ಲವೆಂದು ಟೀಚರ್ ಫೋನ್ ಮಾಡಿದರು. ಇಲಾಖೆಗೆ ಸೇರಿದ ಮೇಲೆ ನನ್ನ ಪ್ರಭಾವ ಒಂದು ಶಾಲೆಯ ಮೇಲೆ ಬಿದ್ದದ್ದು ಅದೇ ಮೊದಲು.

ಶನಿವಾರ ಪೆಂಡಲ್ ಹಿಲ್ ಬಡಾವಣೆಯ ಇಂಡಿಯನ್ ದಿನಸಿ ಅಂಗಡಿಗೆ ಹೋದರೆ, ಮೈಸೂರಿನ ಡಾಕ್ಟರ್ ಮೂರ್ತಿಗಳು ನನ್ನ ಕೈ ಹಿಡಿದುಕೊಂಡರು. "ಸುದ್ದಿ ಕೇಳ್ದೆ. ಎಷ್ಟು ದಿನ ಅಂತಾರೆ?" ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ರೋಗಿಗಳ ಮನೆಯವರ ಜೊತೆ ಆಡುವ ದನಿ ಅದು. ಮನೆಗೆ ಬರುವಷ್ಟರಲ್ಲಿ ನನಗೆ ನಿಜವಾಗಿಯೂ ಸುಸ್ತಾಗಿತ್ತು. ಕೆಲಸ ಹೋದರೆ ಮನೆಸಾಲದ ಮಾರ್ಟ್‌ಗೇಜ್ ಕಟ್ಟುವುದು ಹೇಗೆಂಬ ಚಿಂತೆಯಲ್ಲಿ ಭಾನುವಾರವಿಡೀ ಮಂಕಾಗಿ ಕೂತಿದ್ದೆ.

ಸೋಮವಾರ ನಮ್ಮ ಮೇಲಧಿಕಾರಿ ಎಲ್ಲರನ್ನೂ ಸೇರಿಸಿ, "ನಿಮ್ಮ ವಿಭಾಗ ನಾಳೆಯೇ ಮುಚ್ಚಿದರೆ ಏನು ನಿಂತುಹೋಗುತ್ತದೆ? ಒಬ್ಬೊಬ್ಬರೇ ಹೇಳಿ" ಎಂದರು. ಉಳಿದವರು ಏನೇನೋ ಹೇಳಿದರು. ನನ್ನ ಸರದಿ ಬಂದಾಗ, "ಗೊತ್ತಿಲ್ಲ ಸರ್. ಅದನ್ನು ಅಧ್ಯಯನ ಮಾಡಬೇಕು" ಎಂದೆ. ಅವರು ನನ್ನ ಹೆಸರು ಬರೆದುಕೊಂಡು, "ಇದು ಯೋಚನೆ ಮಾಡೋ ತಲೆ" ಎಂದರು.

ಮಸೂದೆ ಮತಕ್ಕೇ ಬರಲಿಲ್ಲ. ಆದರೆ ಅಂಥದ್ದು ಮತ್ತೆ ಬಂದರೆ ಏನಾದೀತೆಂದು ಅಧ್ಯಯನ ಮಾಡಲು ಮೆಲ್ಬರ್ನ್‌ನಲ್ಲಿ ಹೊಸ ವಿಭಾಗವೊಂದು ಹುಟ್ಟಿತು. ಅದಕ್ಕೆ ನಾನೇ ಮುಖ್ಯಸ್ಥನಾದೆ. ಆ ಊರಿನ ಕ್ಲೇಟನ್ ಬಡಾವಣೆಯಲ್ಲಿ ಮನೆ ಹಿಡಿದೆವು. ಅಲ್ಲಿಂದಾಚೆ ಆ ಸಂಸತ್ ಸದಸ್ಯ ಇಲಾಖೆಯನ್ನು ಬೈದ ದಿನವೆಲ್ಲ ನನಗೆ ಕೈತುಂಬ ಕೆಲಸ. ಅವನು ಸುಮ್ಮನಿದ್ದರೆ ನನ್ನ ವಿಭಾಗವನ್ನೇ ಮುಚ್ಚಿಯಾರೆಂಬ ಭಯ. ಒಮ್ಮೆ ಅವನಿಗೆ ಕಾಯಿಲೆ, ರಾಜೀನಾಮೆ ಕೊಡಬಹುದು ಎಂದು ಪೇಪರಿನಲ್ಲಿ ಬಂತು. ಅವನು ಬೇಗ ಗುಣವಾಗಲಿ ಎಂದು ನಂಜನಗೂಡಿನ ನಂಜುಂಡೇಶ್ವರನಿಗೆ ನಾನು ಹರಕೆ ಹೊತ್ತೆ.