ಷಡ್ಡಕ ಕೊಟ್ಟ ಹಳದಿ ಕೇಬಲ್

ಪ್ರತಿ ಭಾನುವಾರ ಸಂಜೆ ಐದರ ಸುಮಾರಿಗೆ ಹಲ್ಲುರಾಯನ ಕಾರು ತಿರುವಿನಲ್ಲಿ ನಿಂತುಬಿಡುತ್ತಿತ್ತು. ರಸ್ತೆಯಲ್ಲಲ್ಲ, ಟೀವಿಯಲ್ಲಿ. ಗೇಮ್ ಬಾಕ್ಸಿಗೆ ಇಂಟರ್‌ನೆಟ್ ಜೋಡಿಸಿಕೊಂಡು, ಎದುರು ಬಿಲ್ಡಿಂಗಿನ ಷಡ್ಡಕನ ಜೊತೆ ವಾರಕ್ಕೊಂದು ರೇಸ್ ಆಡುವುದು ಅವನ ಹುಚ್ಚು. ಸರಿಯಾದ ಹೊತ್ತಿಗೆ ಕಾರು ಎರಡು ಕ್ಷಣ ಕಲ್ಲಾಗುತ್ತಿತ್ತು; ಮತ್ತೆ ಜೀವ ಬರುವಷ್ಟರಲ್ಲಿ ಗೋಡೆಯಲ್ಲಿ ಮೂತಿ ಹುದುಗಿಸಿಕೊಂಡಿರುತ್ತಿತ್ತು. ಷಡ್ಡಕನ ಕಾರು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿಹೋಗುತ್ತಿತ್ತು. ಹದಿನಾಲ್ಕು ಭಾನುವಾರ, ಹದಿನಾಲ್ಕು ಸೋಲು.

ಕಟ್ಟುಹಲ್ಲು ತಯಾರಿಸುವವನಾದ್ದರಿಂದ ಬೀದಿಯವರು ಅವನಿಗೆ ಹಲ್ಲುರಾಯ ಎಂದು ಹೆಸರಿಟ್ಟಿದ್ದರು. ಅವನ ಹೆಂಡತಿಯ ತಂಗಿಯನ್ನು ಮದುವೆಯಾದ ಷಡ್ಡಕನೋ ಈಜು ಕಲಿಸುವವನು. ಮೂವತ್ತೆರಡು ಹಲ್ಲೂ ಸ್ವಂತದವು, ಎಲ್ಲವನ್ನೂ ಸದಾ ತೋರಿಸುತ್ತಿದ್ದ. ಅಳಿಯನಾಗಿ ಬಂದು ಇನ್ನೂ ನಾಲ್ಕು ವರ್ಷ. ಆಗಲೇ ಅತ್ತೆ ಮಾವ ಬಲ್ಬು ಬದಲಾಯಿಸಲೂ ಅವನ ಸಲಹೆ ಕೇಳುತ್ತಿದ್ದರು. ಹನ್ನೆರಡು ವರ್ಷ ಹಳೆಯ ಹಿರಿಯಳಿಯನಿಗೆ ಹೊಟ್ಟೆ ಉರಿಯದೆ ಇನ್ನೇನಾದೀತು? ಕಿಟಕಿ ತೆರೆದರೆ ಎದುರಿನ ಮೂರನೇ ಮಹಡಿಯಲ್ಲಿ ಷಡ್ಡಕನ ರೌಟರಿನ ನಾಲ್ಕು ಹಸಿರು ದೀಪ ಕಾಣುತ್ತಿದ್ದವು. ಅವೂ ಹಲ್ಲು ಕಿಸಿಯುತ್ತಿವೆ ಎಂದೇ ಹಲ್ಲುರಾಯನಿಗೆ ಅನ್ನಿಸುತ್ತಿತ್ತು.

ಇಷ್ಟು ದಿನ ಹೋಗುತ್ತಿದ್ದದ್ದು ಮಾನ ಮಾತ್ರ. ಈ ಭಾನುವಾರ ಪಣಕ್ಕೆ ನಿಜವಾದ ಕಾರೇ ಇತ್ತು. ಮಾವ ನಿವೃತ್ತ ಬಸ್ ಡ್ರೈವರು. ಮೂವತ್ತು ವರ್ಷ ಒರೆಸಿ ಒರೆಸಿ ಕನ್ನಡಿ ಮಾಡಿದ ನೀಲಿ ಕಾರೊಂದು ಅವರ ಹತ್ತಿರ ಇತ್ತು. ಇನ್ನು ಸ್ಟಿಯರಿಂಗ್ ಮುಟ್ಟಬಾರದು ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಮಾವ ಒಂದು ವಾರ ಮಾತು ಬಿಟ್ಟರು. ಆಮೇಲೆ, "ಇಬ್ರೂ ಟೀವೀಲಿ ಅಷ್ಟು ಜೋರಾಗಿ ಓಡಿಸ್ತೀರಲ್ಲ, ಈ ಭಾನುವಾರ ಯಾರು ಗೆಲ್ತೀರೋ ಅವರಿಗೆ ಕಾರು" ಎಂದು ಸಾರಿಬಿಟ್ಟರು. ಆ ನೀಲಿ ಕಾರಿನಲ್ಲಿ ಷಡ್ಡಕ ಮೊಣಕೈ ಹೊರಗಿಟ್ಟುಕೊಂಡು ಹೋಗುವುದನ್ನು ನೆನೆದೇ ಹಲ್ಲುರಾಯನಿಗೆ ಎರಡು ದಿನ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಕಾರಣ ಕಂಡುಹಿಡಿದ. ತಪ್ಪು ತನ್ನದಲ್ಲ, ರೌಟರಿನದು. ಅದು ಅಡುಗೆಮನೆಯಲ್ಲಿ, ಮೈಕ್ರೋವೇವಿಗೂ ನೀರಿನ ಡ್ರಮ್ಮಿಗೂ ನಡುವೆ, ಸಂದಿಯಲ್ಲಿ ಸಿಕ್ಕಿಬಿದ್ದ ಇಲಿಯ ಹಾಗೆ ಕೂತಿತ್ತು. ಗೇಮ್ ಬಾಕ್ಸು ಇದ್ದದ್ದು ಹಾಲ್ ದಾಟಿ ಮಲಗುವ ಕೋಣೆಯಲ್ಲಿ.

"ರೀ, ಕಾರಿನ ವಿಷ್ಯ ಅಮ್ಮ ಒಂದು ಮಾತು ಹೇಳಿದ್ಲು..." ಎಂದು ಹೆಂಡತಿ ಶುರುಮಾಡಿದಳು.

"ಈಗ ಬೇಡ. ರೌಟರ್ ಎತ್ತಬೇಕು."

ಎತ್ತುವ ಸದ್ದು ಕೇಳಿ ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು ಇಳಿದುಬಂದರು. ಯಾರ ಮನೆಯಲ್ಲಿ ಸ್ಕ್ರೂ ತಿರುಗಿದರೂ ಅವರು ಹಾಜರು.

"ವೈಫೈ ಅನ್ನೋದು ವಿದ್ಯೆ ಇದ್ದ ಹಾಗೆ ಕಣಯ್ಯಾ, ಮೇಲಿಂದ ಕೆಳಕ್ಕೆ ಹರೀಬೇಕು. ಬೀರು ಮೇಲಿಡು."

ಬೀರುವಿನ ಮೇಲೆ ಹಳೆಯ ಗಿರಾಕಿಗಳ ದವಡೆಯ ಅಚ್ಚುಗಳಿದ್ದವು, ಎಲ್ಲಾ ಪ್ಲಾಸ್ಟರಿನವು. ಅವನ್ನು ಒತ್ತರಿಸಿ ಹಲ್ಲುರಾಯ ರೌಟರ್ ಇಟ್ಟ. ಅದಕ್ಕೆ ಸಿಕ್ಕಿಸಿದ್ದ ಗೋಡೆಯ ವೈರು ಬಿಗಿದು ನಿಂತಿತು, ಇನ್ನೊಂದು ಗೇಣು ಬೇಕಿತ್ತು.

"ಎಳಿ, ಬರತ್ತೆ" ಎಂದರು ಮೇಷ್ಟ್ರು.

ಎಳೆದ. ವೈರು ಬರಲಿಲ್ಲ, ರೌಟರ್ ಬಂತು. ಅದರ ಹಿಂದೆಯೇ ಹನ್ನೆರಡು ಜನರ ದವಡೆಗಳು ಸಾಲಾಗಿ ಧುಮುಕಿದವು. ಒಂದು ಮೇಷ್ಟ್ರ ಕಾಲಬೆರಳನ್ನು ಕಚ್ಚಿಯೇ ಬಿಟ್ಟಿತು. ಮೇಷ್ಟ್ರು ಒಂಟಿಕಾಲಲ್ಲಿ ಕುಣಿಯುತ್ತಲೇ ಪಾಠ ಮುಂದುವರಿಸಿದರು: "ಕೆಂಪು ದೀಪ ಬಂತಾ? ಹಿಂದೆ ಒಂದು ತೂತಿರತ್ತೆ ನೋಡು. ಚುಚ್ಚು."

ಹಲ್ಲುರಾಯ ತನ್ನ ಕಸುಬಿನ ಸೂಜಿ ತಂದು, ಹುಳುಕು ಹಲ್ಲನ್ನು ಚುಚ್ಚುವಷ್ಟೇ ನಾಜೂಕಾಗಿ ಚುಚ್ಚಿದ. ದೀಪಗಳೆಲ್ಲ ಆರಿ ಹತ್ತಿದವು. ರೌಟರ್ ತನ್ನ ಹೆಸರು, ಪಾಸ್‌ವರ್ಡ್, ಹಿಂದಿನ ಜನ್ಮದ ಸಂಬಂಧಗಳನ್ನೆಲ್ಲ ಮರೆತು ಈಗಷ್ಟೇ ಹುಟ್ಟಿದ ಮಗುವಾಗಿತ್ತು. ಹುಟ್ಟುವಾಗಿನ ಪಾಸ್‌ವರ್ಡ್ ಅಡಿಯ ಚೀಟಿಯಲ್ಲಿತ್ತು ನಿಜ, ಆದರೆ ಐದು ವರ್ಷದ ಒಗ್ಗರಣೆಯ ಜಿಡ್ಡು ಅದನ್ನು ಅರ್ಧ ತಿಂದಿತ್ತು. ಹಲ್ಲಿನ ಕೆಲಸದ ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡು, ಒಂದೊಂದೇ ಅಕ್ಷರ ಓದಿ, ಹೊಸ ಪಾಸ್‌ವರ್ಡ್ ಹಾಕಿ ಮುಗಿಸುವ ಹೊತ್ತಿಗೆ ಮಧ್ಯಾಹ್ನದ ಊಟ ತಣ್ಣಗಾಗಿತ್ತು.

"ಹಾಗೇ ಆ ಹೊಸ ಪಾಸ್‌ವರ್ಡ್ ನನಗೂ ಹೇಳ್ಬಿಡು" ಎಂದರು ಮೇಷ್ಟ್ರು.

"ನಿಮಗ್ಯಾಕೆ?"

"ಹಳೇದು ನನ್ನ ಹತ್ರ ಇತ್ತಲ್ಲಪ್ಪಾ, ನಿನ್ನ ಹೆಂಡ್ತೀನೇ ಕೊಟ್ಟಿದ್ಲು. ಭಾನುವಾರ ಐದು ಗಂಟೆಗೆ ನಾನು ಸಿನಿಮಾ ಹಾಕ್ಕೊಳ್ಳೋದು."

ಹದಿನಾಲ್ಕು ಗೋಡೆಗಳೂ ಒಟ್ಟಿಗೆ ಹಲ್ಲುರಾಯನ ಕಣ್ಣಮುಂದೆ ಬಂದವು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು.

ಷಡ್ಡಕ ನಿಂತಿದ್ದ. ಮೂವತ್ತೆರಡು ಹಲ್ಲು, ಹೆಗಲ ಮೇಲೆ ಹಳದಿ ಕೇಬಲ್ಲಿನ ಸುರುಳಿ.

"ಅಣ್ಣಾ, ರೌಟರ್ ತೊಂದರೆ ಕೊಡ್ತಿದೆಯಂತೆ? ವೈಫೈ ನಂಬ್ಕೊಂಡು ರೇಸ್ ಆಡೋಕಾಗಲ್ಲ. ಅದು ಎಲ್ಲಿತ್ತೋ ಅಲ್ಲೇ ಇರ್ಲಿ, ಈ ಕೇಬಲ್ಲನ್ನ ಸೀದಾ ಗೇಮ್ ಬಾಕ್ಸಿಗೆ ಹಾಕಿ. ಹದಿನೈದು ಮೀಟರ್ ಇದೆ, ನಂದೇ."

"ಮತ್ತೆ ನಿನಗೆ?"

"ನನ್ನ ಬಿಡಿ ಅಣ್ಣಾ, ಹೇಗೋ ಆಗತ್ತೆ."

ಹತ್ತೇ ನಿಮಿಷದಲ್ಲಿ ಅವನು ಕೇಬಲ್ ಎಳೆದು, ಫೋನಿನಲ್ಲೇ ರೌಟರಿನ ಒಳಹೊಕ್ಕು, ಗೇಮ್ ಬಾಕ್ಸಿಗೇ ಮೊದಲ ಸರದಿ ಬರುವ ಹಾಗೆ ಮಾಡಿಬಿಟ್ಟ. "ಇನ್ನು ಮನೇಲಿ ಯಾರು ಏನೇ ನೋಡ್ಲಿ, ನಿಮ್ಮ ಕಾರು ಹೋದ್ಮೇಲೇ ಅವರಿಗೆ ದಾರಿ."

"ನೋಡಿ ಕಲೀರಿ" ಎಂದಳು ಹೆಂಡತಿ. ಬೆಳಿಗ್ಗೆಯಿಂದ ಬೆವರು ಸುರಿಸಿದವನ ಎದುರಿಗೇ ಅಂದಳು. ಅದು ಹಲ್ಲುರಾಯನಿಗೆ ನಾಟಿತು.

ಷಡ್ಡಕ ಹೋದದ್ದೇ ತಡ, ಅವನು ಮತ್ತೆ ಭೂತಗನ್ನಡಿ ಕಟ್ಟಿಕೊಂಡು, ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಕೇಬಲ್ಲಿನ ಹಿಂದೆ ಮಂಡಿಯೂರಿ ತೆವಳಿದ. ಎಲ್ಲಾದರೂ ಬ್ಲೇಡಿನ ಗುರುತು? ಹಲ್ಲಿನ ಗುರುತು? ಒಂದು ಗೀರೂ ಇರಲಿಲ್ಲ. ಶತ್ರು ಕೊಟ್ಟದ್ದರಲ್ಲಿ ಕುಂದು ಸಿಗದಿದ್ದರೆ ಹೊಟ್ಟೆಕಿಚ್ಚು ಇಮ್ಮಡಿಯಾಗುತ್ತದೆ. "ಕೇಬಲ್ ಇಲ್ಲದೇನೂ ಗೆಲ್ತೀನಿ ಅನ್ನೋ ಸೊಕ್ಕು! ಅದಕ್ಕೇ ದಾನ ಮಾಡಿದ್ದಾನೆ" ಎಂದು ತೀರ್ಮಾನಿಸಿದ.

"ರೀ, ಆ ಕಾರಿನ ವಿಷ್ಯ..."

"ಗೆದ್ದ ಮೇಲೆ ಹೇಳೇ!"

"ಗೆದ್ದ ಮೇಲೆ ಹೇಳಿ ಏನು ಬಂತು?" ಎಂದು ಅವಳು ಟೀ ಇಡಲು ಹೋದಳು.

ನಾಲ್ಕೂವರೆಗೆ, ಬಾಡಿಗೆ ಡ್ರೈವರ್ ಓಡಿಸಿದ ನೀಲಿ ಕಾರಿನಲ್ಲಿ ಅತ್ತೆ ಮಾವ ಬಂದು ಮಂಚದ ಮೇಲೆ ಕೂತರು. ಮಾವನ ಜೇಬಿನಿಂದ ಕೀಲಿಯ ಪಟ್ಟಿ ಹೊರಗೆ ನೇತಾಡುತ್ತಿತ್ತು. ಮೇಷ್ಟ್ರೂ ಬಂದರು, ಪಾಸ್‌ವರ್ಡ್ ಇಲ್ಲದ ಭಾನುವಾರ ಬೇರೆಲ್ಲಿಗೆ ಹೋದಾರು?

ಐದಕ್ಕೆ ರೇಸ್ ಶುರುವಾಯಿತು. ಹಲ್ಲುರಾಯನ ಕಾರು ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ತೊದಲಲಿಲ್ಲ. ಮೊದಲ ಸುತ್ತಿನಲ್ಲೇ ಅವನಿಗೊಂದು ಸತ್ಯ ಹೊಳೆಯಿತು. ಇಷ್ಟು ದಿನ ಸೋಲು ತಡೆದು ತಡೆದು ಬರುತ್ತಿತ್ತು, ಈಗ ಸರಾಗವಾಗಿ ಬರುತ್ತಿದೆ. ಕೇಬಲ್ ಇಲ್ಲದ ಷಡ್ಡಕ ಅರ್ಧ ಸುತ್ತು ಮುಂದಿದ್ದ. ಬಯ್ಯಲು ರೌಟರ್ ಕೂಡ ಇಲ್ಲ.

"ತಿರುವಲ್ಲಿ ಗೇರ್ ಇಳಿಸೋ ಮಾರಾಯಾ!" ಎಂದು ಮಾವ ಚಡಪಡಿಸಿದರು.

ಕೊನೆಯ ಸುತ್ತಿನ ಕೊನೆಯ ತಿರುವು. ಗೆಲುವಿನ ಗೆರೆಗೆ ಹತ್ತು ಮಾರು ಇರುವಾಗ ಷಡ್ಡಕನ ಕಾರು ಗಕ್ಕನೆ ನಿಂತಿತು. ಹಲ್ಲುರಾಯ ಕಣ್ಣು ಉಜ್ಜಿಕೊಂಡು, ಗೋಡೆಗೆ ಎರಡು ಸಲ ಸವರಿಕೊಂಡೇ ಅದನ್ನು ದಾಟಿದ. 'ಎದುರಾಳಿಯ ಸಂಪರ್ಕ ಕಡಿದಿದೆ. ನೀವು ಗೆದ್ದಿದ್ದೀರಿ' ಎಂದು ಟೀವಿ ಹೇಳಿತು.

ಅವನು ಕಿಟಕಿಗೆ ಓಡಿದ. ಎದುರಿನ ಮೂರನೇ ಮಹಡಿಯಲ್ಲಿ ನಾಲ್ಕೂ ಹಸಿರು ದೀಪ ಆರಿದ್ದವು.

"ದೇವರಿದ್ದಾನೆ!" ಎಂದು ಕೂಗಿದ. ಹನ್ನೆರಡು ವರ್ಷದಲ್ಲಿ ಅಷ್ಟು ಅಗಲವಾಗಿ ಅವನು ನಕ್ಕಿರಲಿಲ್ಲ.

ಮಾವ ಕೀಲಿಯನ್ನು ಅವನ ಅಂಗೈಗೆ ಒತ್ತಿದರು. ಆಮೇಲೆ ಇನ್ನೊಂದು ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಓದಿದರು. "ಬುಧವಾರ ಬೆಳಿಗ್ಗೆ ನನ್ನ ಕಣ್ಣಿನ ಡಾಕ್ಟರು. ಶನಿವಾರ ಗಾಡಿ ತೊಳೆಯೋದು, ಒಂದು ಒದ್ದೆ ಬಟ್ಟೆ, ಎರಡು ಒಣ ಬಟ್ಟೆ. ಪ್ರತಿ ಭಾನುವಾರ ಸಂಜೆ ಐದಕ್ಕೆ ನಿಮ್ಮತ್ತೇನ ಅವಳ ಅಕ್ಕನ ಮನೆಗೆ ಕರ್ಕೊಂಡು ಹೋಗೋದು, ಎಂಟಕ್ಕೆ ವಾಪಸ್ಸು. ಮೂವತ್ತರ ಮೇಲೆ ಸ್ಪೀಡ್ ಇಲ್ಲ. ನಾನು ಪಕ್ಕದಲ್ಲೇ ಕೂತಿರ್ತೀನಿ, ಗೇರ್ ಯಾವಾಗ ಅಂತ ಹೇಳ್ತೀನಿ."

"ಎಷ್ಟು... ಎಷ್ಟು ದಿನ, ಮಾವ?"

"ದಿನ ಏನಯ್ಯಾ? ಕಾರು ನಿಂದೇ! ನಡಿ, ಇವತ್ತಿಂದಾನೇ ಶುರು. ಈಗ್ಲೇ ಲೇಟಾಯ್ತು" ಎಂದು ಅತ್ತೆಯನ್ನು ಕರೆದುಕೊಂಡು ಅವರು ಇಳಿದೇಬಿಟ್ಟರು.

ಹಲ್ಲುರಾಯ ಹೆಂಡತಿಯ ಮುಖ ನೋಡಿದ.

"ಬೆಳಿಗ್ಗೆಯಿಂದ ಇನ್ನೇನು ಹೇಳೋಕೆ ಬರ್ತಿದ್ದೆ ನಾನು?" ಎಂದಳು ಅವಳು. "ನನ್ನ ತಂಗಿ ನಿನ್ನೇನೇ ಗಂಡನಿಗೆ ಹೇಳಿದ್ಲಂತೆ. ಅವರು ಹೆಂಡ್ತಿ ಮಾತು ಕೇಳ್ತಾರೆ."

ಅವನು ನಿಧಾನವಾಗಿ ಕಿಟಕಿಯತ್ತ ತಿರುಗಿದ. ಎದುರಿನ ಮಹಡಿಯಲ್ಲಿ ನಾಲ್ಕೂ ಹಸಿರು ದೀಪ ಮೊದಲಿನ ಹಾಗೇ ಉರಿಯುತ್ತಿದ್ದವು. ಬೀದಿ ದಾಟಿ ಬರುತ್ತಿದ್ದ ಷಡ್ಡಕ ಮಾವನಿಗೆ ಕಾರಿನ ಬಾಗಿಲು ತೆರೆದುಕೊಟ್ಟು, ಮೆಟ್ಟಿಲು ಹತ್ತಿ ಬಂದ.

"ಕಂಗ್ರಾಟ್ಸ್ ಅಣ್ಣಾ! ಆ ಹಳದಿ ಕೇಬಲ್ ಸುತ್ಕೊಂಡು ಹೋಗ್ಲಾ? ಭಾನುವಾರ ಐದಕ್ಕೆ ಇನ್ನು ನಿಮಗೆ ಬೇಕಾಗಲ್ವಲ್ಲ." ಅವನು ಮಂಚದತ್ತ ತಿರುಗಿ ನಕ್ಕ. ಅಲ್ಲಿ ಮೇಷ್ಟ್ರು ಆಗಲೇ ಕಂಟ್ರೋಲರ್ ಕೈಗೆತ್ತಿಕೊಂಡು ಗುಂಡಿಗಳನ್ನು ಒತ್ತಿನೋಡುತ್ತಿದ್ದರು. "ಮುಂದಿನ ವಾರದಿಂದ ಮೇಷ್ಟ್ರೇ ನನ್ನ ಜೊತೆ ಆಡ್ತಾರಂತೆ. ಅವರಿಗೆ ನಿಮ್ಮ ಹೊಸ ಪಾಸ್‌ವರ್ಡ್ ಒಂದು ಹೇಳ್ಬಿಡಿ."

ಕೆಳಗಿನಿಂದ ಮಾವ ಹಾರ್ನ್ ಬಾರಿಸಿದರು.